ಅಕ್ರೋಟ ಕಟ್ಟಿಗೆಯ ಮೇಲೆ ನನ್ನ ಬೆರಳು

ಆ ಕಾರಿನೊಳಗಿನ ಕಟ್ಟಿಗೆಯನ್ನು ನಾನು ಮೊದಲ ನೋಟದಲ್ಲೇ ನಂಬಲಿಲ್ಲ. ಅಷ್ಟು ಮಿಂಚುವ ಯಾವುದನ್ನೂ ನಾನು ನಂಬುವುದಿಲ್ಲ. ಹಾಲಿನವನು ನಗುತ್ತ ಬಂದರೆ ಮೊದಲು ಪಾತ್ರೆಯೊಳಗೆ ಇಣುಕುತ್ತೇನೆ. ಸೀರೆ ಅಂಗಡಿಯವನು “ನಿಮಗಂತನ ತೆಗೆದಿಟ್ಟೇನ್ರಿ ಅಕ್ಕಾರ” ಎಂದರೆ ಆ ಸೀರೆ ಬಿಟ್ಟು ಅದರ ಕೆಳಗಿನದನ್ನು ಎಳೆಯಲು ಹೇಳುತ್ತೇನೆ. ಸರಕಾರಿ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು ನಾನು. ಯಾರು ಲೆಕ್ಕ ಸ್ವಂತ ಬಿಡಿಸಿದ್ದಾರೆ, ಯಾರು ಪಕ್ಕದವಳದ್ದು ನೋಡಿ ಹೊಡೆದಿದ್ದಾರೆ ಎನ್ನುವುದು ಪಾಟಿ ನೋಡುವ ಮೊದಲೇ ಮುಖದಲ್ಲಿ ತಿಳಿಯುತ್ತಿತ್ತು. ನನ್ನ ಯಜಮಾನರು ಇದನ್ನು ರೋಗ ಎನ್ನುತ್ತಾರೆ. ಅನ್ನಲಿ.

ಕಾರು ನಮ್ಮ ನವನಗರದ ಮನೆಯ ಮುಂದೆ ಬಂದು ನಿಂತದ್ದು ಮಗಳ ಸಲುವಾಗಿ. ದೇಶಪಾಂಡೆ ನಗರದ ಬ್ಯಾಂಕೊಂದರಲ್ಲಿ ಅವಳಿಗೆ ಕೆಲಸ. ಅದೇ ಬ್ಯಾಂಕಿನ ಹುಡುಗನೊಬ್ಬ ಅವಳ ಮನಸ್ಸಿಗೆ ಬಂದಿದ್ದ, ಅವಳು ಅವನ ಮನಸ್ಸಿಗೆ. ಹುಡುಗನ ತಂದೆ ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರಿ. ಮುಂಜಾನೆ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮನೆತನ ಅವರದು. ನಾವು ದಲಿತರು, ನಮ್ಮಪ್ಪನ ಕಾಲಕ್ಕೇ ಬೌದ್ಧರಾದವರು. ಮಗಳು ನನ್ನ ಎದುರು ಕೂತು ಹೇಳಿದಳು:

“ಅವ್ವಾ, ಹುಡುಗನ್ನ ನಾ ನೋಡೇನಿ, ಅಂವ ಛಲೋ ಅದಾನ. ಅವರ ಮನಿ ಮಂದೀನ ನೀ ನೋಡು. ನಿನ್ನ ಕಣ್ಣಿಗೆ ಸುಳ್ಳ ಅನಿಸಿದ್ರ ಹೇಳಿಬಿಡು, ನಾ ಅಲ್ಲಿಗೇ ಬಿಡತೇನಿ. ಒಳಗ ಬ್ಯಾಡ ಅನಕೋತ, ಹೊರಗ ನಕ್ಕೋತ ಇರಾವರ ಮನ್ಯಾಗ ನಾ ಜಲ್ಮ ಕಳಿಯಾಕ ಒಲ್ಲೆ.”

ಹೀಗೆ ಅವಳ ಮದುವೆ ನನ್ನ ಕಣ್ಣಿನ ಮೇಲೆ ಬಂದು ನಿಂತಿತು. “ಮುಗೀತ ಬಿಡು ಆ ಹುಡುಗೀ ಕಥಿ” ಎಂದರು ನನ್ನ ಯಜಮಾನರು. “ನಿನ್ನ ಕಣ್ಣಿಗೆ ಇಲ್ಲೀತನಕ ಛಲೋ ಕಂಡದ್ದರೆ ಏನೈತಿ?”

ನಾನು ಸುಮ್ಮಸುಮ್ಮನೆ ಹೀಗಾದವಳಲ್ಲ. ಹೊಸದಾಗಿ ನೌಕರಿ ಸೇರಿ ಧಾರವಾಡದಲ್ಲಿ ಬಾಡಿಗೆ ಮನೆ ಹುಡುಕುವಾಗ ಹೋದಲ್ಲೆಲ್ಲ ನಮಗೆ ಚಹಾ ಸಿಕ್ಕಿತು. “ಅಕ್ಕಾರು ಬಂದ್ರ ನಮ್ಮ ಓಣಿಗೇ ಕಳೆ ಬರತೈತ್ರಿ” ಎಂದರು. ಆಮೇಲೆ ಮೆತ್ತಗೆ, “ನಿಮ್ಮ ಮನಿದೇವರು ಯಾವುದ್ರಿ?” ಜಾತಿ ಕೇಳಿದರೆ ಅಸಭ್ಯ, ಮನೆದೇವರನ್ನು ಕೇಳಿದರೆ ಸಭ್ಯ. ನಾನು “ಬುದ್ಧ” ಎನ್ನುತ್ತಿದ್ದೆ. “ಹೌದೇನ್ರಿ, ಭಾಳ ಛಲೋ ಆತ್ರಿ” ಎನ್ನುತ್ತಿದ್ದರು. ಮರುದಿನ ಕೇಳಿದರೆ ಆ ಮನೆಗೆ ಹಿಂದಿನ ದಿನವೇ ಯಾರೋ ಬಂದುಬಿಟ್ಟಿರುತ್ತಿದ್ದರು. ಆ ‘ರಿ’ ಎಷ್ಟು ಮೆತ್ತಗಿರುತ್ತಿತ್ತೆಂದರೆ, ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡು ಓಣಿ ದಾಟುವವರೆಗೂ ನಮ್ಮನ್ನು ಅಟ್ಟಿದ್ದಾರೆಂದು ತಿಳಿಯುತ್ತಿರಲಿಲ್ಲ. ಧಾರವಾಡದ ಮಾತು ಸಕ್ಕರೆ ಎಂದು ಹೊರಗಿನವರು ಹೊಗಳುವಾಗ ನನಗೆ ಹಲ್ಲು ನೋಯುತ್ತದೆ.

ಈ ಹತ್ತಿ ವ್ಯಾಪಾರಿ ಮನೆದೇವರನ್ನು ಕೇಳಲೇ ಇಲ್ಲ. ಮೊದಲೇ ಎಲ್ಲ ವಿಚಾರಿಸಿಕೊಂಡಿದ್ದಾರೆ ಎಂದುಕೊಂಡೆ.

ಅವತ್ತು ಭಾನುವಾರ. ನಮ್ಮನ್ನು ಊಟಕ್ಕೆ ಕರೆದೊಯ್ಯಲು ತಾವೇ ಕಾರು ನಡೆಸಿಕೊಂಡು ಬಂದಿದ್ದರು. “ನೀವು ಮುಂದ ಕುಂದರ್ರಿ ಅಕ್ಕಾರ” ಎಂದು ಬಾಗಿಲು ತೆರೆದು ಹಿಡಿದರು. ಯಾಕೆ? ಗಂಡಸರು ಇರುವಾಗ ನನ್ನನ್ನೇಕೆ ಮುಂದೆ? ಹಿಂದಿನ ಸೀಟಿಗೆ ಹೊಸ ಬಟ್ಟೆ ಹಾಸಿತ್ತು. ಇವತ್ತೇ ಯಾಕೆ ಹಾಸಿದರು, ನಾಳೆ ಅದನ್ನು ಒಗೆಯಲು ಹಾಕುತ್ತಾರೋ? ಯಜಮಾನರು ಮತ್ತು ಮಗಳು ಅದರ ಮೇಲೆ ಆರಾಮಾಗಿ ಕೂತರು. ನಾನು ಸೆರಗು ಬಿಗಿಹಿಡಿದು ಮುಂದೆ ಕೂತೆ.

ಕಾರು ಹಳೆಯದು, ವಿದೇಶದ್ದು, ದೊಡ್ಡದು. ನನ್ನ ಕಣ್ಣ ಮುಂದೆ, ಡ್ಯಾಶ್‌ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ, ಆಮೇಲೆ ಬಾಗಿಲುಗಳ ಮೇಲೆ, ಗೇರಿನ ಸುತ್ತ, ಎಲ್ಲ ಕಡೆ ಕಟ್ಟಿಗೆ. ಬೆಲ್ಲದ ಪಾಕದ ಬಣ್ಣ. ಅದರೊಳಗೆ ಕಪ್ಪು ಸುಳಿಗಳು, ಸುಳಿಯ ಸುತ್ತ ಗೆರೆಗಳು, ಗೆರೆಗಳ ನಡುವೆ ಸಣ್ಣ ಸಣ್ಣ ಕಣ್ಣುಗಳು. ಬಿಸಿಲು ಬಿದ್ದರೆ ಆ ಗೆರೆಗಳು ಒಳಗೊಳಗೇ ಸರಿದಾಡಿದಂತೆ ಕಾಣುತ್ತಿದ್ದವು.

“ಸ್ಟಿಕರ್ ಏನ್ರಿ ಇದು?” ಎಂದೆ, ಬೇಕೆಂದೇ. ಹಿಂದಿನಿಂದ ಮಗಳು ಕೆಮ್ಮಿದಳು.

“ಅಯ್ಯ, ಸ್ಟಿಕರ್ ಅಲ್ರಿ! ಖರೇ ಕಟಗಿ. ಅಕ್ರೋಟ ಮರದ್ದು.”

“ಎಡಕ್ಕಿದ್ದ ಸುಳೀನ ಬಲಕ್ಕೂ ಐತಿ. ಗೆರಿಗೆ ಗೆರಿ ಕೂಡತೈತಿ. ಗಿಡ ಹಂಗ ಬೆಳೀತಾವೇನ್ರಿ? ಛಾಪಿಸಿದ್ದ ಇದು.”

ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಮನುಷ್ಯ ಹಿಗ್ಗಿಹೋದರು. ಉಣಕಲ್ ಕೆರೆಯ ಹತ್ತಿರ ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿಯೇಬಿಟ್ಟರು.

“ಅಕ್ಕಾರ, ಅಕ್ರೋಟ ಗಿಡದ ಬುಡಕ್ಕ ದೊಡ್ಡ ಗಂಟ ಆಗತೈತ್ರಿ. ಆ ಗಂಟಿನೊಳಗ ಗೆರಿ ನೆಟ್ಟಗ ಹೋಗೂದಿಲ್ಲ, ದಿಕ್ಕ ತಪ್ಪಿ ಸುತ್ತತಾವು. ಅದನ್ನ ನೀರಾಗ ಕುದಿಸಿ ಮೆತ್ತಗ ಮಾಡಿ, ಹಪ್ಪಳಕ್ಕಿಂತ ತೆಳ್ಳಗ ಹಾಳಿ ಹಾಳಿ ಸೀಳತಾರ. ಒಂದರ ಹಿಂದ ಒಂದು ಬಂದ ಎರಡು ಹಾಳಿ ತೊಗೊಂಡು, ಪುಸ್ತಕ ತೆರದಂಗ ತೆರದು ಅಂಟಸ್ತಾರ. ಅದಕ್ಕ ಈ ಕಡಿ ಇದ್ದದ್ದ ಆ ಕಡಿ ಕಾಣತೈತಿ. ಎರಡೂ ಒಂದ ಗಂಟಿನ ಮಕ್ಕಳ್ರಿ.”

“ಹಾಳಿ ಮ್ಯಾಲಿಂದಾತು. ಒಳಗ ಏನೈತ್ರಿ?”

“ಒಳಗ ಪ್ಲೈವುಡ್ರಿ!” ಎಂದು ದೊಡ್ಡದಾಗಿ ನಕ್ಕರು.

ನಾನು ನಗಲಿಲ್ಲ. ಮೇಲೆ ಹಪ್ಪಳದಷ್ಟು ಚೆಂದ, ಕೆಳಗೆ ಬೇರೆಯೇ ಸಾಮಾನು. ಇಂಥದ್ದನ್ನು ನಾನು ಕಟ್ಟಿಗೆಯಲ್ಲಿ ನೋಡಿದ್ದು ಅದೇ ಮೊದಲು, ಮನುಷ್ಯರಲ್ಲಿ ಬಹಳ ನೋಡಿದ್ದೆ.

ಅವರು ಮಾತು ನಿಲ್ಲಿಸಲಿಲ್ಲ. ಕಾರು ಕೊಂಡಾಗ ಪಾಲಿಶ್ ಬಿಸಿಲಿಗೆ ಸೀಳುಬಿಟ್ಟಿತ್ತಂತೆ. ಒಂದೊಂದೇ ತುಂಡು ಬಿಚ್ಚಿ, ಹಳೆಯ ಪಾಲಿಶ್ ಕೆರೆದು, ನೀರು ಹಚ್ಚಿ ಪಾಲಿಶ್ ಪೇಪರಿನಿಂದ ತಿಕ್ಕಿ, ಒಂದು ಕೋಟು ಹಚ್ಚಿ, ಒಣಗಿಸಿ, ಮತ್ತೆ ತಿಕ್ಕಿ, ಮತ್ತೆ ಹಚ್ಚಿ, ಎಲ್ಲ ತಾವೇ ಮಾಡಿದ್ದಂತೆ. “ಮೊದಲ ನಮ್ಮ ಗೋದಾಮಿನ್ಯಾಗ ಕುಂತು ಹಚ್ಚಿದ್ನಿರಿ. ಹತ್ತಿ ಅರಳಿ ಎಳಿ ಹಾರಿ ಬಂದು ಹಸೀ ಪಾಲಿಶ್ ಮ್ಯಾಲೆ ಕುಂತು, ಕಟಗಿಗೆಲ್ಲಾ ಗಡ್ಡ ಬಂತು! ಕಡೀಕ ಮನೀ ಬಚ್ಚಲಕ್ಕ ಚಿಲಕ ಹಾಕ್ಕೊಂಡು ಮಾಡಿದ್ನಿ. ಮನ್ಯಾಗ ಯಾರಿಗೂ ಜಳಕಾ ಇಲ್ಲ.” ಯಜಮಾನರೂ ಮಗಳೂ ಬಿದ್ದು ಬಿದ್ದು ನಕ್ಕರು. ನನ್ನ ತುಟಿಯೂ ಸ್ವಲ್ಪ ಸಡಿಲಾಯಿತು, ಹಿಡಿದುಕೊಂಡೆ.

“ಮುಟ್ಟಿ ನೋಡ್ರಿ” ಎಂದರು.

ಮುಟ್ಟಿದೆ. ತಣ್ಣಗಿತ್ತು. ಕಣ್ಣಿಗೆ ಅಷ್ಟು ಆಳ ಕಾಣುವ ಸುಳಿ ಬೆರಳಿಗೆ ಸಿಗಲೇ ಇಲ್ಲ, ಬೆರಳು ಜಾರುತ್ತ ಹೋಯಿತು. ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ. ಕೈ ತೆಗೆಯಲು ಮನಸ್ಸಾಗದೆ ಅವರ ಮನೆ ಬರುವವರೆಗೂ ನಾನು ಅದರ ಮೇಲೆ ಬೆರಳು ಆಡಿಸುತ್ತಲೇ ಇದ್ದೆ.

ಮನೆ ಬಂತು, ಎಲ್ಲರೂ ಇಳಿದೆವು. ಬಾಗಿಲವರೆಗೆ ಹೋದ ಮೇಲೆ ಕನ್ನಡಕ ಕಾರಿನಲ್ಲೇ ಉಳಿದದ್ದು ನೆನಪಾಗಿ ತಿರುಗಿದೆ. ಆ ಮನುಷ್ಯ ನಾನು ಕೂತಿದ್ದ ಕಡೆಯ ಬಾಗಿಲಲ್ಲಿ ಬಗ್ಗಿ ನಿಂತಿದ್ದರು. ಕೈಯಲ್ಲಿ ಹಳದಿ ಬಟ್ಟೆ. ನಾನು ಬೆರಳಿಟ್ಟಿದ್ದ ಜಾಗಕ್ಕೆ ಹಾ ಎಂದು ಬಾಯಿಂದ ಉಸಿರು ಬಿಟ್ಟು ಒರೆಸುತ್ತಿದ್ದರು. ಒರೆಸಿ, ತಲೆ ಓರೆ ಮಾಡಿ ನೋಡಿ, ಮತ್ತೆ ಒರೆಸಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಕನ್ನಡಕ ಕೇಳದೆಯೇ ಒಳಗೆ ನಡೆದೆ. ಒಳಗೆ ಅವರ ಹೆಂಡತಿ ನನ್ನ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡು ಉಂಡರು. ಎಲ್ಲರಿಗೂ ಒಂದೇ ತರದ ತಾಟು. ಶೇಂಗಾ ಹೋಳಿಗೆ, ಮೇಲೆ ತುಪ್ಪ. ಇದೆಲ್ಲ ನಾವು ಹೋಗುವವರೆಗಿನ ಸಂಭ್ರಮ, ಹೋದ ಮೇಲೆ ಇಡೀ ಮನೆಗೆ ಹಳದಿ ಬಟ್ಟೆ ಎಂದುಕೊಂಡೆ. ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟೆ. ಬರುವಾಗ ಏನೋ ನೆವ ಹೇಳಿ ಆಟೋ ಹಿಡಿದೆವು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಮಗಳು ಕೇಳಿದಳು, “ಏನ ಅನಿಸ್ತವ್ವಾ?”

“ನಾ ಮುಟ್ಟಿದ್ದನ್ನ ಒರಸಿದ್ರು” ಎಂದೆ.

“ಅಷ್ಟ ಮಿಂಚೂ ಕಟಗಿ ಅದು, ಬೆರಳ ಗುರ್ತು ಮೂಡತಾವ, ಒರಸ್ತಾರ” ಎಂದರು ಯಜಮಾನರು.

“ನಾ ಮುಟ್ಟಿದ್ದಲ್ಲೇ ಒರಸಿದ್ರು!”

“ನೀ ಮುಟ್ಟಿದ್ದಲ್ಲೇ ಗುರ್ತ ಇದ್ವು ಮಾರಾಯ್ತಿ!”

ಮಗಳು ಕೊಟ್ಟ ಮಾತಿನಂತೆ ನಡೆದಳು. ಮರುದಿನದಿಂದ ಅವನ ಫೋನು ಬಂದರೆ ಎತ್ತಲಿಲ್ಲ, ಬಡಕೊಂಡು ಬಡಕೊಂಡು ನಿಲ್ಲುವವರೆಗೆ ನೋಡುತ್ತ ಕೂರುತ್ತಿದ್ದಳು. ತಾಟಿನಲ್ಲಿ ಅನ್ನ ಉಳಿಯತೊಡಗಿತು. ನನ್ನ ಮೇಲೆ ಒಮ್ಮೆ ರೇಗಿದ್ದರೆ ನನಗೆ ಹಗುರಾಗುತ್ತಿತ್ತು, ಅದೂ ಇಲ್ಲ. ನಾನು ತಪ್ಪಿದ್ದರೆ ಇವಳ ಬದುಕು ನಾನೇ ಕೆಡಿಸಿದ ಹಾಗೆ, ಸರಿಯಿದ್ದರೆ ಇವಳನ್ನು ನಾನೇ ಉಳಿಸಿದ ಹಾಗೆ. ಯಾವುದು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಬ್ಯಾಂಕಿನಲ್ಲಿ ಹುಡುಗ ಬೆನ್ನುಬಿದ್ದು ಕಾರಣ ಕೇಳಿದಾಗ ಮಗಳು ಹೇಳಿಬಿಟ್ಟಳು.

ಮುಂದಿನ ಭಾನುವಾರ ಮುಂಜಾನೆ ಆ ಕಾರು ಮತ್ತೆ ಬಂತು. ನಾನು ಚಪಾತಿ ಲಟ್ಟಿಸುತ್ತಿದ್ದೆ. ಒಲೆ ಆರಿಸಿ, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದೆ. ಮಗಳು ಕೊಟ್ಟ ನೀರನ್ನು ಹುಡುಗನ ತಂದೆ ಒಂದೇ ಉಸಿರಿಗೆ ಕುಡಿದರು. ನಾನು ಅದನ್ನೂ ನೋಡಿದೆ, ಅದನ್ನೂ ನಂಬಲಿಲ್ಲ. “ಒಂದೀಟ ಹೊರಗ ಬರ್ರಿ ಅಕ್ಕಾರ” ಎಂದರು.

ನಿಂತ ಕಾರಿನಲ್ಲಿ ನನ್ನನ್ನು ಅದೇ ಜಾಗದಲ್ಲಿ ಕೂರಿಸಿ ತಾವು ಪಕ್ಕಕ್ಕೆ ಬಂದು ಕೂತರು. ತಮ್ಮ ಅಂಗೈಯನ್ನು ಕಟ್ಟಿಗೆಯ ಮೇಲೆ ಒತ್ತಿ, ತೆಗೆದು, ಹಳದಿ ಬಟ್ಟೆಯಿಂದ ಒರೆಸಿದರು.

“ನೋಡ್ರಿ, ನಂದೂ ಒರಸ್ತೇನಿ. ನಮ್ಮ ಮನ್ಯಾಕೀದೂ ಒರಸ್ತೇನಿ. ಈಗ ನೀವು ಮುಟ್ರಿ.”

ಮುಟ್ಟಿದೆ. ನನ್ನ ನಾಲ್ಕು ಬೆರಳು ಆ ಹೊಳಪಿನ ಮೇಲೆ ಮಂಕಾಗಿ ಮೂಡಿದವು. ಅವರು ಬಟ್ಟೆ ಮಡಚಿ ಕಿಸೆಗೆ ಹಾಕಿಕೊಂಡು ಕೈಮುಗಿದರು. “ಇದು ಹಿಂಗ ಇರಲ್ರಿ. ಇನ್ನಮ್ಯಾಲೆ ನೀವು ಮುಟ್ಟಿದ್ದು ನಾ ಒರಸೂದಿಲ್ಲ. ನನಗದು ಪ್ರಸಾದ ಇದ್ದಂಗ್ರಿ.”

ಪ್ರಸಾದವಂತೆ! ಅದೇ ಸಕ್ಕರೆ. ನನ್ನ ತಾಳ್ಮೆ ಅಲ್ಲಿಗೆ ತೀರಿತು.

“ಎಲ್ಲಾರ್ದೂ ಒರಸಿ ನಂದೊಂದ ಬಿಟ್ರ ಅದೂ ಬ್ಯಾರೆ ಇಟ್ಟಂಗ ಆತಲ್ರಿ! ಮೊದಲ ಬ್ಯಾರೆ ಕಪ್ಪು, ಬ್ಯಾರೆ ತಾಟು. ಈಗ ಬ್ಯಾರೆ ಪ್ರಸಾದ. ನಾಲ್ಕ ಮಂದಿ ಜೋಡಿ ಕೂಡಿದ್ದು ನಮಗ ಏನೂ ಇಲ್ಲೇನ್ರಿ?”

ಅವರ ನಗು ಹೋಯಿತು, ವಿನಯ ಹೋಯಿತು, ಮುಖ ಕೆಂಪಗಾಯಿತು.

“ಒರಸಿದ್ರ ಯಾಕ ಒರಸಿದಿ, ಬಿಟ್ರ ಯಾಕ ಬಿಟ್ಟಿ! ಮತ್ತ ನಾ ಏನ ಮಾಡ್ಲಿ, ಕಾರ ತೊಗೊಂಡ ಹೋಗಿ ಕೆರ್ಯಾಗ ಬಿಡ್ಲೇನ? ಎಂಥಾ ಹೆಂಗಸ್ರೀ ನೀವು! ಕೈತುಂಬ ಎಣ್ಣಿ ಮಾಡಿಕೊಂಡು ಬಂದು ನೆಟ್ಟಗ ಪಾಲಿಶ್ ಮ್ಯಾಲೆ ಇಡತೀರಲ್ಲ, ತೊಳಕೊಂಡ ಬರಾಕ ಏನಾಗಿತ್ತು? ಅವತ್ತೂ ಹಂಗ, ದಾರಿ ತುಂಬಾ ಗೀಚಕೋತ ಬಂದ್ರಿ. ತಿಂಗಳಾನುಗಟ್ಟಲೆ ಬಚ್ಚಲದಾಗ ಕುಂತು ತಿಕ್ಕೇನಿ ನಾ ಇದನ್ನ! ಸರೀರಿ ಅತ್ತಾಗ!”

ಕಿಸೆಯಿಂದ ಬಟ್ಟೆ ಎಳೆದು, ನನ್ನ ಮೊಣಕೈಯನ್ನು ಪಕ್ಕಕ್ಕೆ ತಳ್ಳಿ, ನನ್ನ ಬೆರಳ ಗುರುತುಗಳನ್ನು ಸಿಟ್ಟಿನಿಂದ ಗಸಗಸ ತಿಕ್ಕತೊಡಗಿದರು. ಎಣ್ಣೆ ಹರಡಿ ಇನ್ನಷ್ಟು ಮಬ್ಬಾಯಿತು. “ನೋಡ್ರಿ, ಹೆಂಗ ಆತು” ಎಂದು ಮತ್ತೆ ಬೈದರು.

ನಾನು ನನ್ನ ಕೈ ನೋಡಿಕೊಂಡೆ. ಖರೇ, ಚಪಾತಿಗೆ ಹಚ್ಚಿದ ಎಣ್ಣೆ ಇತ್ತು. ಸೆರಗಿಗೆ ಒರೆಸಿಕೊಂಡರೂ ಬೆರಳ ಸಂದಿಯಲ್ಲಿ ಉಳಿದಿತ್ತು. ಈ ಕೈಗೆ ಏನೋ ಅಂಟಿದೆ ಎಂದು ಮನಸ್ಸಿನಲ್ಲೇ ತಿಳಿದುಕೊಂಡು ಮೇಲೆ ಮೆತ್ತಗೆ ಮಾತಾಡಿದವರನ್ನು ನಾನು ಜನ್ಮವಿಡೀ ಕಂಡಿದ್ದೇನೆ. ಎಣ್ಣೆ ಅಂಟಿದೆ ಎಂದು ಮುಖಕ್ಕೆ ಹೊಡೆದಂತೆ ಹೇಳಿದವರು ಇವರೇ ಮೊದಲು.

ಇಳಿದು ಒಳಗೆ ಬಂದೆ. ಮಗಳು ಬಾಗಿಲ ಹಿಂದೆ ನಿಂತಿದ್ದಳು, ಮುಖದಲ್ಲಿ ಜೀವವೇ ಇರಲಿಲ್ಲ.

“ಏನಂದ್ರವ್ವಾ?”

“ಬೈದ್ರು.”

“ಯಾಕ?”

“ಕೈಯಾಗ ಎಣ್ಣಿ ಇತ್ತು, ಅದಕ್ಕ.”

“ಅಷ್ಟ?”

“ಅಷ್ಟವಾ” ಎನ್ನುವಾಗ ನನಗೆ ಅಳು ಬಂದುಬಿಟ್ಟಿತು. ಅದನ್ನು ಅವಳಿಗೆ ತೋರಿಸದೆ ಒಲೆಯ ಕಡೆ ತಿರುಗಿದೆ.

“ಬೀಗರನ್ನ ಒಳಗ ಕರಿ. ಚಪಾತಿ ಆರಾಕತ್ತಾವು.”