ವಾಟದ ಮೇಸ್ತ್ರಿಯ ಕಲ್ಲುಬೆಂಚು

ಮೇಸ್ತ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದಿರಲೇಬೇಕು. ಊರಿನ ಪಾಲಿಗೆ ಮಾತ್ರ ಅವನು ವಾಟದ ಮೇಸ್ತ್ರಿ. ಹರೆಯದಿಂದಲೂ ಕಾಲುವೆಗೆ ಕಲ್ಲು ಕಟ್ಟಿ, ಗಾರೆ ಬಳಿದು ಬದುಕಿದವನು. ನೀರು ಎಲ್ಲೂ ನಿಲ್ಲದೆ ಮುಂದಕ್ಕೆ ಹೋಗಲೆಂದು ಕೊಡುವ ಸಣ್ಣ ಇಳಿಜಾರಿಗೆ, ಅಂದರೆ ವಾಟಕ್ಕೆ, ಅವನ ಕೈ ಎಷ್ಟು ಪಳಗಿತ್ತೆಂದರೆ ಸಮತಟ್ಟು ಎಂಬುದೇ ಅದಕ್ಕೆ ಮರೆತುಹೋಗಿತ್ತು. ಅವನ ಮನೆಯ ಅಡುಗೆಮನೆಯಲ್ಲಿ ಈರುಳ್ಳಿ ಕೈತಪ್ಪಿ ಬಿದ್ದರೆ ಬಚ್ಚಲ ಬಾಗಿಲಿಗೆ ಹೋಗಿ ಹುಡುಕಬೇಕು. "ಮದುವೆ ಆದಾಗಿಂದ ಇಳಿಜಾರಲ್ಲೇ ಸಂಸಾರ ಮಾಡ್ತಿದ್ದೀನಿ" ಎಂದು ಹೆಂಡತಿ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಈಚೆಗೆ ಆ ನಗು ಕಡಿಮೆಯಾಗಿತ್ತು. ಮಂಡಿಗೆ ಆಪರೇಷನ್ ಆದಮೇಲೆ ಅವಳು ಹೊಸ್ತಿಲು ದಾಟಿರಲಿಲ್ಲ. ದಿನಾ ನಡೆಯದಿದ್ದರೆ ಕಾಲು ಹಾಗೇ ಬಿಗಿದುಕೊಂಡುಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಕೋಲು ಹಿಡಿದು ಬೀದಿಗಿಳಿಯಲು ಅವಳಿಗೆ ನಾಚಿಕೆ. ದಾರಿಯಲ್ಲಿ ಸುಸ್ತಾದರೆ ಎಲ್ಲಿ ಕೂರುವುದು ಎಂಬ ಭಯ ಬೇರೆ. ಮೇಸ್ತ್ರಿ ಗೋಗರೆದ, ಗದರಿದ, ಮುನಿಸಿಕೊಂಡೂ ನೋಡಿದ. ಜಪ್ಪಯ್ಯ ಅಂದರೂ ಅವಳು ಕದಲಲಿಲ್ಲ. ಇನ್ನು ಇವಳು ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುವುದೇ ಇಲ್ಲವೇನೋ ಎಂದು ಅವನಿಗೆ ಒಳಗೊಳಗೇ ದಿಗಿಲು.

ಅಷ್ಟರಲ್ಲಿ ಕಾಲುವೆಯ ದಂಡೆ ಮೇಲೆ ಜನ ನಡೆಯಲು, ಸೈಕಲ್ ತುಳಿಯಲು ದಾರಿ ಮಾಡುವ ಕೆಲಸ ಬಂತು. ಮುಳ್ಳುಪೊದೆ ಕಡಿದು, ಮಣ್ಣು ದಮ್ಮಸು ಮಾಡಿ, ಮೇಲೆ ಸಣ್ಣ ಜಲ್ಲಿ ಹಾಸಿದರು. ದಾರಿಯುದ್ದಕ್ಕೂ ಕಲ್ಲುಬೆಂಚು ಕಟ್ಟುವ ಕೆಲಸವನ್ನು ಮೇಸ್ತ್ರಿ ತಾನಾಗಿ ಕೇಳಿ ವಹಿಸಿಕೊಂಡ. ಬೆಂಚುಗಳು ಎಷ್ಟು ಒತ್ತೊತ್ತಾಗಿ ಎದ್ದವೆಂದರೆ, "ಇದೇನ್ರೀ ಮೇಸ್ತ್ರಿ, ನಡೆಯೋ ದಾರಿನಾ, ಕೂರೋ ದಾರಿನಾ?" ಎಂದು ಕೆಲಸದ ಉಸ್ತುವಾರಿಗೆ ಬಂದ ಇಂಜಿನಿಯರಮ್ಮ ಕೇಳಿದರು. ಮೇಸ್ತ್ರಿ ಕೇಳಿಸದವನ ಹಾಗೆ ಗಾರೆ ಕಲಸುತ್ತಿದ್ದ. ಯಾರಿಗಾಗಿ ಎಂದು ಬಾಯಿಬಿಟ್ಟು ಹೇಳಲು ಅವನಿಗೂ ಸಂಕೋಚ.

ದಾರಿ ತೆರೆದ ಬೆಳಿಗ್ಗೆ ಪೇಪರ್ ಬಿಡಿಸಿಕೊಂಡು ಕೂತ ಪೋಸ್ಟ್‌ಮಾಸ್ಟರು ಮೊದಲ ಪುಟ ಮುಗಿಯುವುದರೊಳಗೆ ಬೆಂಚಿನ ಅಂಚಿಗೆ ಬಂದಿದ್ದರು. ಮಕ್ಕಳು ಸೈಕಲ್ ಬಿಸಾಕಿ ಜಾರುಬಂಡೆ ಆಡತೊಡಗಿದರು. ಮಳೆನೀರು ನಿಲ್ಲಬಾರದೆಂದು ಮೇಸ್ತ್ರಿಯ ಕೈ ತನ್ನ ಪಾಡಿಗೆ ತಾನು ಒಂದೊಂದು ಬೆಂಚಿಗೂ ದಾರಿಯ ಕಡೆಗೆ ವಾಟ ಕೊಟ್ಟುಬಿಟ್ಟಿತ್ತು! ಇಂಜಿನಿಯರಮ್ಮ ಕೂತರು, ಜಾರಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮೇಲಿನ ಹಾಸು ಕಿತ್ತು ಸಮ ಮಾಡಿಬಿಡಿ ಮೇಸ್ತ್ರಿ" ಎಂದರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು. ಸೈಕಲ್‌ನವರೂ ನಿಂತು ನಗುವಾಗ ಮೇಸ್ತ್ರಿಯ ಮುಖ ಚಿಕ್ಕದಾಯಿತು.

ಮಧ್ಯಾಹ್ನ ತಟ್ಟೆಯ ಮುಂದೆ ಕೂತವನು ಅನ್ನವನ್ನು ಬರೀ ಕಲಸುತ್ತಲೇ ಇದ್ದ. ಹೆಂಡತಿ ಕೆದಕಿ ಕೆದಕಿ ಕೇಳಿ ಬಾಯಿ ಬಿಡಿಸಿದಳು.

"ನಕ್ರಾ? ಎಲ್ಲರೂನಾ?"

"ನಗೋ ಹಾಗೇ ಇದೆ ಬಿಡು. ಅಲ್ಲಲ್ಲಿ ಕೂತ್ಕೊಂಡು ನಡೆಯೋಕೆ ನಿನಗೆ ಆಗ್ಲಿ ಅಂತ ಕಟ್ಟಿದೆ. ಕೂತವರೆಲ್ಲ ಜಾರಿದ್ರು."

ಅವಳು ಕುರ್ಚಿಯಲ್ಲೇ ನೆಟ್ಟಗೆ ಕೂತಳು.

"ನನಗೋಸ್ಕರ ಕಟ್ಟಿದ್ದನ್ನ ನಾನು ನೋಡೋಕೆ ಮುಂಚೆ ಇವರೆಲ್ಲ ನಕ್ಕುಬಿಟ್ರಾ? ಕೊಡ್ರೀ ಆ ಕೋಲು!"

ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ದಂಡೆಯ ಮೇಲಿದ್ದರು. ಅವಳು ಮೊದಲ ಬೆಂಚಿನ ಮೇಲೆ ಗತ್ತಿನಿಂದ ಕೂತಳು. ಗತ್ತು ಬಹಳ ಹೊತ್ತು ಉಳಿಯಲಿಲ್ಲ.

"ಸುಳ್ಳು ಯಾಕೆ ಹೇಳ್ಲಿ, ಜಾರುತ್ತೆ ಕಣ್ರೀ."

ಆಪರೇಷನ್ ಆದಾಗಿಂದ ಕೂತಲ್ಲೆಲ್ಲ ಅವಳನ್ನು ಎಬ್ಬಿಸುತ್ತಿದ್ದವನು ಎಂದಿನಂತೆ ಕೈ ಚಾಚಿದ. ಅಷ್ಟರಲ್ಲಿ ವಾಟ ಅವಳನ್ನು ಮುಂದಕ್ಕೆ ನೂಕಿತ್ತು. ಅವಳು ಕೋಲೂರಿ ತಾನಾಗಿಯೇ ಎದ್ದು ನಿಂತಿದ್ದಳು. ಅದು ಅವಳ ಗಮನಕ್ಕೇ ಬರಲಿಲ್ಲ. ಖಾಲಿ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಮೇಸ್ತ್ರಿ ಬೆನ್ನ ಹಿಂದೆ ಕಟ್ಟಿಕೊಂಡ.

"ನಾಳೆ ಎಲ್ಲಾನೂ ಸಮ ಮಾಡ್ತೀನಿ" ಎಂದ.

"ಮಾಡೋರಂತೆ. ಅದಕ್ಕೆ ಮುಂಚೆ ಒಂದೊಂದರ ಮೇಲೂ ನಾನು ಕೂತು ನೋಡ್ಬೇಕು."

ಹೇಳಿದವಳೇ ಮುಂದಿನ ಬೆಂಚಿನತ್ತ ಹೊರಟುಬಿಟ್ಟಳು. ಹಿಂದಿನಿಂದ ಯಾರೋ ಸೈಕಲ್ ಗಂಟೆ ಬಾರಿಸಿದರು. ಅವಳು ದಾರಿಯ ನಡುವಿನಿಂದ ಒಂದಿಷ್ಟೂ ಸರಿಯದೆ ಕೋಲೆತ್ತಿ ಗದರಿದಳು:

"ಪಕ್ಕದಲ್ಲಿ ಹೋಗಪ್ಪಾ! ಕಣ್ಣು ಕಾಣಲ್ವಾ, ನಡೀತಿದ್ದೀನಿ!"