ಮೇಲೆ ಬಿಟ್ಟ ಜಾಗ

ಎನಾಮೆಲ್ ಬಣ್ಣದ ವಾಸನೆ ಬಂದರೆ ಸಾಕು, ಯಾರೊಡನಾದರೂ ವಾದಕ್ಕಿಳಿಯಬೇಕು ಅನಿಸುತ್ತದೆ ನನಗೆ. ಕಳೆದ ವಾರ ನಮ್ಮ ಬಿಲ್ಡಿಂಗಿನ ಲಿಫ್ಟಿನ ಬಾಗಿಲಿಗೆ ಹಳದಿ ಬಳಿಯುತ್ತಿದ್ದರು. ಆಫೀಸಿಗೆ ಹೊರಟವಳು ಮೆಟ್ಟಿಲಿಳಿಯುತ್ತಿದ್ದಂತೆ ಆ ವಾಸನೆ ಮಹಡಿಯಿಂದ ಮಹಡಿಗೆ ದಟ್ಟವಾಗುತ್ತ ಹೋಯಿತು; ನೆಲ ಮುಟ್ಟುವ ಹೊತ್ತಿಗೆ ನಾನು ಹತ್ತು ವರ್ಷದ ಹಿಂದಿನ ಒಂದು ಮಾತಿಗೆ ಹೊಸ ಉತ್ತರ ಹುಡುಕುತ್ತಿದ್ದೆ. ಘಾಟ್ಕೋಪರಿನ ಈ ಬಿಲ್ಡಿಂಗ್ ನಿಂತ ಜಾಗದಲ್ಲೇ ನಮ್ಮ ಚಾಳಿತ್ತು. ಸಾಲಾಗಿ ಹದಿನೆಂಟು ಕೋಣೆ, ಅವುಗಳ ಮುಂದೆ ಉದ್ದಕ್ಕೂ ಒಂದು ಕಟ್ಟೆ, ಕೊನೆಯಲ್ಲಿ ನೀರಿನ ಡ್ರಮ್ಮುಗಳು. ನಿಮ್ಮ ಬಾಲ್ಯದ ಮನೆಯೂ ಹೀಗೆ ಯಾವುದೋ ಟವರಿನ ಅಡಿಗೆ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ, ಹೊಸ ಮನೆಯಲ್ಲಿ ಎಲ್ಲ ಅನುಕೂಲವಿದ್ದರೂ ಹಳೆಯ ಬಾಗಿಲು ಈಗ ಯಾರ ಕಾರಿನ ಕೆಳಗಿದೆ ಎಂದು ಮನಸ್ಸು ಅಳೆಯುತ್ತಲೇ ಇರುತ್ತದೆ.

ಆ ಕೋಣೆಯಲ್ಲಿ ಅಪ್ಪ, ಅಮ್ಮ, ನಾನು, ಮದುವೆಯಾಗದ ದೊಡ್ಡಪ್ಪ, ಮತ್ತು ದೊಡ್ಡಪ್ಪನ ಬೋರ್ಡು. ಬೋರ್ಡನ್ನೂ ಮನೆಯವರಲ್ಲಿ ಸೇರಿಸಲೇಬೇಕು, ಏಕೆಂದರೆ ನಮ್ಮೆಲ್ಲರಿಗಿಂತ ಹೆಚ್ಚು ಜಾಗ ಅದಕ್ಕೇ ಬೇಕಿತ್ತು. ಮರದ ಚೌಕಟ್ಟಿಗೆ ಹೊಡೆದ ಐದಡಿ ತಗಡು, ಅದಕ್ಕೆ ನೀಲಿ ಬಣ್ಣ, ಅದರ ಮೇಲೆ ಹಳದಿಯಲ್ಲಿ ದುಂಡಗಿನ ಕನ್ನಡ ಅಕ್ಷರಗಳಲ್ಲಿ ‘ಹೋಟೆಲ್ ಕಮಲಕ್ಕ’. ಕಮಲಕ್ಕ ಅಂದರೆ ಉಡುಪಿ ಕಡೆಯ ನನ್ನ ಅಜ್ಜಿ, ನಾನು ನೋಡಿದವಳಲ್ಲ. ದೊಡ್ಡಪ್ಪ ಪರೇಲಿನ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು. ಮಿಲ್ಲಿನ ಗೇಟಿನ ಪಕ್ಕ ಸಣ್ಣದೊಂದು ಜಾಗ ಕೊಡಿಸುತ್ತೇನೆಂದು ಯಾರೋ ಮಾತು ಕೊಟ್ಟ ದಿನವೇ ಬೋರ್ಡು ಬರೆಸಿಬಿಟ್ಟಿದ್ದರು. ಮಿಲ್ಲು ಹೋಗಿ ಗಾಜಿನ ಆಫೀಸುಗಳೆದ್ದವು, ಮಾತು ಕೊಟ್ಟವನು ಊರು ಸೇರಿದ, ಬೋರ್ಡು ನಮ್ಮ ಮನೆಗೆ ಬಂತು. ಕಪಾಟಿಗೂ ಗೋಡೆಗೂ ನಡುವೆ ನಿಂತು, ನಾನು ಬಟ್ಟೆ ಬದಲಿಸಲು ಒಂದು ಮರೆಯೂ ಆಯಿತು. ಆಯುಧಪೂಜೆಗೆ ಚಾಳಿನವರು ಹೊಲಿಗೆ ಯಂತ್ರ, ಸ್ಕೂಟರು, ಇಸ್ತ್ರಿಪೆಟ್ಟಿಗೆ ಒರೆಸಿ ಹೂವೇರಿಸಿದರೆ ದೊಡ್ಡಪ್ಪ ಬೋರ್ಡನ್ನು ಕಟ್ಟೆಗೆ ತಂದು, ಮಾಸಿದ ಅಕ್ಷರಗಳ ಮೇಲೆ ಸಣ್ಣ ಕುಂಚದಿಂದ ಹಳದಿ ಎಳೆದು, ಒಣಗಿದ ಮೇಲೆ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕುತ್ತಿದ್ದರು. ಬಣ್ಣ, ಚೆಂಡುಹೂ, ಅಮ್ಮ ಕಲಸುತ್ತಿದ್ದ ಬೆಲ್ಲದ ಅವಲಕ್ಕಿ, ಮೂರೂ ಸೇರಿದ ಒಂದು ವಾಸನೆ ಇತ್ತು ಆ ದಿನಕ್ಕೆ. ಪಕ್ಕದ ಕೋಣೆಯ ಮರಾಠಿ ಕಾಕು ಪ್ರತಿ ವರ್ಷ ಕೇಳುವರು, “ಕಾಯ್ ಶೇಟ್, ಹಾಟೆಲ್ ಕಧೀ?” ಏನು ಸೇಟ್, ಹೋಟೆಲ್ ಯಾವಾಗ, ಅಂತ. ದೊಡ್ಡಪ್ಪನ ಉತ್ತರವೂ ಪ್ರತಿ ವರ್ಷ ಅದೇ. “ಬೋರ್ಡ್ ಆಲಾ ನಾ ಕಾಕು, ಹಾಟೆಲ್ ಯೇತಂಯ್.” ಬೋರ್ಡು ಬಂದಾಯಿತಲ್ಲ, ಹೋಟೆಲ್ ಬರುತ್ತಾ ಇದೆ.

ನನಗೆ ವಾದ ಕಲಿಸಿದವರೂ ಅವರೇ. ರಜೆಯ ದಿನ ಎಣ್ಣೆಯ ಡಬ್ಬ ಬೋರಲು ಹಾಕಿ ಕೂತು, “ನಾನು ಎದುರು ಪಾರ್ಟಿ. ಶುರು ಮಾಡು” ಅನ್ನುವರು. ವಿಷಯ ಯಾವುದಾದರೂ ಸರಿ, ಅವರು ಎದುರು ಪಾರ್ಟಿ. ಗಡಿಯಾರ ನೋಡುತ್ತಿರಲಿಲ್ಲ. ಸ್ಪರ್ಧೆಯಲ್ಲಿ ಕೊಡುವ ಮೂರು ನಿಮಿಷ ಎಂದರೆ ಅವರಿಗೆ ಒಂದು ಕಾವಲಿ ದೋಸೆ. ನಾನು ಮಾತಾಡುವಾಗ ಅವರ ಬಲಗೈ ಮಡಿಲಲ್ಲೇ ಹಿಟ್ಟು ಹುಯ್ಯುತ್ತಿತ್ತು, ಹರಡುತ್ತಿತ್ತು, ಎಣ್ಣೆ ಚಿಮುಕಿಸಿ, ಕೆರೆದು, ಮಡಚುತ್ತಿತ್ತು. ಕೊನೆಯ ದೋಸೆ ಎದ್ದೊಡನೆ ಚಮಚದಿಂದ ಸ್ಟೀಲ್ ಲೋಟಕ್ಕೆ ಟಣ್ ಎಂದು ಬಡಿತ.

“ಇನ್ನೊಂದು ಪಾಯಿಂಟ್ ಉಂಟು ದೊಡ್ಡಪ್ಪ.”

“ಸೀದು ಹೋಯ್ತು ನಿನ್ನ ಪಾಯಿಂಟು. ಕೂತ್ಕೋ.”

ಶಾಲೆಯ ಸ್ಟಾಪ್‌ವಾಚಿಗೂ ಆ ಲೋಟಕ್ಕೂ ಒಂದು ಉಸಿರಿಗಿಂತ ಹೆಚ್ಚು ವ್ಯತ್ಯಾಸ ಬಂದದ್ದನ್ನು ನಾನು ಕಾಣೆ.

ಒಂಬತ್ತನೇ ಕ್ಲಾಸಿನಲ್ಲಿ ಕನ್ನಡ ಸಂಘವೊಂದರ ಹಾಲಿನಲ್ಲಿ ಚರ್ಚಾಸ್ಪರ್ಧೆ. ‘ತನ್ನ ಮೇಲೆ ನಂಬಿಕೆ ಇದ್ದರೆ ಕನಸು ನನಸಾಗುತ್ತದೆ’ ಎಂಬುದು ವಿಷಯ. ನನ್ನ ಪಾಲಿಗೆ ವಿರೋಧ ಬಂತು. ಬರದಿದ್ದರೆ ಬೇಡಿ ಪಡೆಯುತ್ತಿದ್ದೆ. ನಂಬಿ ಗೆದ್ದವರನ್ನು ವೇದಿಕೆಗೆ ಕರೆದು ಹಾರ ಹಾಕುತ್ತೇವೆ, ಅಷ್ಟೇ ನಂಬಿ ಸೋತವರ ಕೈಗೆ ಮೈಕು ಕೊಟ್ಟವರು ಯಾರಿದ್ದಾರೆ, ಎಂಬುದು ನನ್ನ ವಾದ. ಅದನ್ನು ಇಂದಿಗೂ ಹಿಂತೆಗೆದುಕೊಂಡಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿದ್ದು ಇಷ್ಟೇ. ಆದರೆ ನನಗಿಂತ ಮೊದಲು ಮಾತಾಡಿದ ಹುಡುಗಿಗೆ ಜೋರು ಚಪ್ಪಾಳೆ ಬಿದ್ದಿತ್ತು, ನನಗೊಂದು ಜೀವಂತ ಉದಾಹರಣೆ ಬೇಕಿತ್ತು. ಮೂರನೇ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ದೊಡ್ಡಪ್ಪ ಕೂತಿದ್ದರು. “ನಮ್ಮ ಮನೆಯಲ್ಲಿ ಒಂದು ಹೋಟೆಲಿನ ಬೋರ್ಡು ಇದೆ,” ಎಂದೆ. “ಅದಕ್ಕೆ ನನಗಿಂತ ಹೆಚ್ಚು ವಯಸ್ಸು. ಪ್ರತಿ ವರ್ಷ ಪೂಜೆಯಾಗುತ್ತದೆ. ಬೋರ್ಡಿನ ಹಿಂದೆ ಹೋಟೆಲ್ ಇಲ್ಲ, ಗೋಡೆ ಇದೆ.” ಹಾಲ್ ನಕ್ಕಿತು. ನಗು ಕೇಳಿದ ಮೇಲೆ ನಿಲ್ಲಿಸುವುದು ನನಗೆ ಗೊತ್ತಿರಲಿಲ್ಲ. “ನಾಳೆ ಹೋಟೆಲ್ ಬಂದರೂ ಆ ಬೋರ್ಡು ಹಾಕುವ ಹಾಗಿಲ್ಲ. ಈ ಊರಿನಲ್ಲಿ ಮರಾಠಿ ಅಕ್ಷರ ಮೇಲಿರಬೇಕು, ದೊಡ್ಡದಿರಬೇಕು. ನಂಬಿದವರಿಗೆ ಅಷ್ಟೂ ವಿಚಾರಿಸಲು ಪುರುಸೊತ್ತಾಗಿಲ್ಲ.”

ಮೊದಲ ಬಹುಮಾನ ನನಗೇ ಬಂತು. ಲೋಕಲ್ ರೈಲಿನಲ್ಲಿ ಮರಳುವಾಗ ದೊಡ್ಡಪ್ಪ ಆ ಶೀಲ್ಡನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ಅಂಗಡಿಗಳ ತಲೆಯ ಮೇಲಿನ ಬೋರ್ಡುಗಳನ್ನೇ ನೋಡುತ್ತಿದ್ದರು. ಬೈದರೆ ಉತ್ತರ ಕೊಡಲು ನಾನು ತಯಾರಾಗಿದ್ದೆ. ವಿದ್ಯಾವಿಹಾರ್ ಸ್ಟೇಷನ್ ದಾಟಿದ ಮೇಲೆ ಹೇಳಿದರು, “ಮರಾಠಿದ್ದು ಮೊದಲೇ ಹೇಳ್ಬೇಕಿತ್ತಲ್ಲ ಮಾರಾಯ್ತಿ. ಮೇಲೆ ಜಾಗ ಬಿಡಿಸ್ತಿದ್ದೆ.”

ಆ ವರ್ಷದ ಆಯುಧಪೂಜೆಗೆ ಅವರು ನೀಲಿ ಬಣ್ಣವನ್ನೂ ತಂದರು. ಕಟ್ಟೆಯ ಮೇಲೆ ಕೂತು, ದುಂಡಗಿನ ಆ ದೊಡ್ಡ ಅಕ್ಷರಗಳ ಮೇಲೆ ನೀಲಿ ಎಳೆದು, ತಮ್ಮ ತಾಯಿಯ ಹೆಸರನ್ನು ತಾವೇ ಅಳಿಸಿದರು. ಕೆಳಗೆ ಅದನ್ನೇ ಸಣ್ಣದಾಗಿ ಕನ್ನಡದಲ್ಲಿ ಬರೆದರು. ಮೇಲರ್ಧ ಖಾಲಿ ಉಳಿಯಿತು. ಕುಂಚವನ್ನು ನನ್ನ ಕಡೆ ಚಾಚಿ, “ಬರಿ. ನಿಂದು ಮರಾಠಿ ಅಕ್ಷರ ಚಂದ ಉಂಟು,” ಎಂದರು. ಹದಿನಾಲ್ಕು ವರ್ಷದವಳಿಗೆ ತತ್ವಕ್ಕಿಂತ ದೊಡ್ಡದು ಯಾವುದಿದೆ ಹೇಳಿ. ಇಲ್ಲದ ಹೋಟೆಲಿಗೆ ಹೆಸರು ಬರೆಯುವುದು ಸುಳ್ಳು ಬರೆದಂತೆ, ಹೋಟೆಲ್ ಬರಲಿ, ಬಂದ ದಿನವೇ ಬರೆಯುತ್ತೇನೆ ಎಂದೆ. ಅಮ್ಮ ಒಳಗಿನಿಂದ, “ಬರೆದ್ರೆ ನಿನ್ನ ಕೈ ಸವೀತದಾ?” ಎಂದು ಗದರಿದಳು. ದೊಡ್ಡಪ್ಪ ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದರು. “ಇರ್ಲಿ ಬಿಡು. ಜಾಗ ಉಂಟಲ್ಲ.”

ಮುಂದಿನ ವರ್ಷಗಳಲ್ಲಿ ಕೆಳಗಿನ ಸಣ್ಣ ಅಕ್ಷರಗಳಿಗೆ ಹಳದಿ, ಮೇಲಿನ ಖಾಲಿಗೆ ಕುಂಕುಮ. ಮತ್ತೆ ಬರಿ ಎಂದು ಅವರು ಕೇಳಲಿಲ್ಲ. ಡಬ್ಬದ ಮೇಲೆ ಕೂತು ಎದುರು ಪಾರ್ಟಿಯಾಗುವುದನ್ನೂ ಬಿಡಲಿಲ್ಲ. ನಾನೇ ಬೋರ್ಡಿನ ಕಡೆ ನೋಡುವುದನ್ನು ಬಿಟ್ಟೆ. ಅದರ ಹಿಂದೆ ಬಟ್ಟೆ ಬದಲಿಸುತ್ತಿದ್ದೆ, ಮುಂಭಾಗ ನೋಡುತ್ತಿರಲಿಲ್ಲ. ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಒಂದು ಮಧ್ಯಾಹ್ನ ಅವರು ಕಾವಲಿಯ ಮುಂದೆಯೇ ಎದೆ ಹಿಡಿದು ಕೂತರು, ಏಳಲಿಲ್ಲ. ಮರುವರ್ಷ ಚಾಳು ಕೆಡವಲು ಬಂದರು. ಕಾಕು ವಿಕ್ರೋಳಿಯ ಮಗನ ಮನೆಗೆ ಹೋದರು. ಸಾಮಾನು ಕಟ್ಟುವಾಗ ಗುಜರಿಯವನು ಬೋರ್ಡಿನ ತಗಡನ್ನು ಬೆರಳಿನಿಂದ ಬಡಿದು ನೋಡಿದ. ಅದನ್ನು ಮುಟ್ಟಬೇಡ ಎಂದು ನಾನು ಕಿರುಚಿದ್ದು ಕೇಳಿ ಅಪ್ಪನೂ ಬೆಚ್ಚಿದರು. ಬೋರ್ಡನ್ನು ನಾನೇ ಎತ್ತಿ ನಮ್ಮ ಸಾಮಾನಿನ ಜೊತೆ ಇಟ್ಟೆ.

ಮೊನ್ನೆ ಭಾನುವಾರ ಬೆಳಿಗ್ಗೆ ಲಿಫ್ಟಿನ ಪೇಂಟರನಿಂದ ಒಂದಿಷ್ಟು ಹಳದಿ ಬಣ್ಣ ಕೇಳಿ ತಂದೆ. ಬಾಲ್ಕನಿಯಲ್ಲಿ ಬೋರ್ಡನ್ನು ಒರೆಸಿ ಬೆಳಕಿಗೆ ಓರೆ ಮಾಡಿದಾಗ ಖಾಲಿ ನೀಲಿಯಲ್ಲಿ ಒಂದು ಪೆನ್ಸಿಲ್ ಗೆರೆ ಕಂಡಿತು, ಈ ತುದಿಯಿಂದ ಆ ತುದಿಗೆ. ಕನ್ನಡ ಬರೆಯುವವರು ಅಕ್ಷರ ಕೂರಿಸಲು ಕೆಳಗೆ ಗೆರೆ ಹಾಕುತ್ತಾರೆ. ಇದು ಮೇಲಿತ್ತು. ಮರಾಠಿಯ ಒಂದಕ್ಷರವನ್ನೂ ಬರೆಯಲು ಬಾರದ ದೊಡ್ಡಪ್ಪ, ಪರೇಲಿಗೂ ಘಾಟ್ಕೋಪರಿಗೂ ನಡುವಿನ ಬೋರ್ಡುಗಳನ್ನೆಲ್ಲ ಕಿಟಕಿಯಿಂದ ನೋಡಿ ನೋಡಿ, ಆ ಅಕ್ಷರಗಳು ಗೆರೆಯಿಂದ ಕೆಳಕ್ಕೆ ಜೋತುಬೀಳುತ್ತವೆ ಎಂದು ಕಂಡುಕೊಂಡು, ನನಗೋಸ್ಕರ ಎಳೆದಿಟ್ಟಿದ್ದರು. ಯಾವ ವರ್ಷ ಎಳೆದರೋ.

ನನ್ನ ಷರತ್ತು ಪೂರೈಸಿಲ್ಲ. ಹೋಟೆಲ್ ಬಂದಿಲ್ಲ, ಬರುವುದೂ ಇಲ್ಲ, ನನ್ನ ವಾದದಲ್ಲಿ ತಪ್ಪು ಎಲ್ಲಿದೆ ಎಂದು ಕೇಳಿದರೆ ಇವತ್ತಿಗೂ ನನಗೆ ತೋರಿಸಲಾಗದು. ಆದರೂ ಕುಂಚ ಅದ್ದಿದೆ. ಅಜ್ಜಿಯ ಹೆಸರು ಬರೆಯುವಾಗ ಎರಡು ಅಕ್ಷರ ಸೊಟ್ಟಗಾದವು, ಒರೆಸಿ ಮತ್ತೆ ಬರೆದೆ. ಒಂದು ಕಾವಲಿ ದೋಸೆಗಿಂತ ಎಷ್ಟೋ ಹೆಚ್ಚು ಹೊತ್ತು ಹಿಡಿಯಿತು. ಯಾರೂ ಲೋಟ ಬಡಿಯಲಿಲ್ಲ.