ಚಿಕ್ಕಪ್ಪನ ಒಂದು ಬೂಟು

ಇವತ್ತು ಬೆಳಿಗ್ಗೆ ಜಗಲಿಯಿಂದ ಬೂಟ್ ಪಾಲಿಶ್ ವಾಸನೆ ಬಂತು. ಚಿಕ್ಕಪ್ಪ ನೆನಪಾದರು.

ವಾಯುಪಡೆಯಲ್ಲಿ ವಿಮಾನದ ಎಂಜಿನ್ ರಿಪೇರಿ ಮಾಡುತ್ತಿದ್ದ ಅವರು, ರಜೆಗೆ ನಮ್ಮೂರು ಕಿರುಗಾವಲಿಗೆ ಬಂದರೂ ದಿನಾ ಇದೇ ಜಗಲಿಯಲ್ಲಿ ಕೂತು ಬೂಟು ಉಜ್ಜುತ್ತಿದ್ದರು. ನೋಡಲು ಅಂಗಳದ ಎಮ್ಮೆಯೊಂದೇ ಇರುತ್ತಿತ್ತು.

“ದೊಡ್ಡೋಳಾದ್ಮೇಲೆ ನಾನೂ ವಿಮಾನ ಓಡುಸ್ತೀನಿ” ಎಂದೆ ಒಮ್ಮೆ.

“ಎಣ್ಮಕ್ಕಳ ಕೈಗೆ ಇನ್ನೂ ವಿಮಾನ ಕೊಡಲ್ಲ ಕಣವ್ವ” ಎಂದರು ಚಿಕ್ಕಪ್ಪ, ಬೇಜಾರಿನಲ್ಲೇ.

ರಾಗಿ ಕೇರುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ. “ಇನ್ನೂ ಅಂದ್ಯಲ್ಲ, ಅಷ್ಟು ಸಾಕು ಬುಡ್ಲಾ. ಅವ್ಳಿಗೆ ಈಗ್ಲಿಂದ್ಲೇ ಬೂಟು ಉಜ್ಜೋದು ಕಲ್ಸು.”

ಚಿಕ್ಕಪ್ಪ ಒಂದು ಬೂಟನ್ನು ನನ್ನ ಮಡಿಲಿಗಿಟ್ಟರು.

ನಾನು ವಿಮಾನ ಓಡಿಸಲಿಲ್ಲ, ಮಳವಳ್ಳಿಯಲ್ಲಿ ಟೀಚರಾದೆ. ಈಗ ಅದೇ ಜಗಲಿಯಲ್ಲಿ ಕೂತು ಬೂಟು ಉಜ್ಜುತ್ತಿರುವವಳು ನನ್ನ ಮಗಳು. ವಾಯುಪಡೆಯ ಪೈಲಟ್ ತರಬೇತಿಯಿಂದ ರಜೆಗೆ ಬಂದಿದ್ದಾಳೆ.

“ಒಂದ್ನ ಇಲ್ಲಿ ಕೊಡವ್ವ, ನಂಗೂ ಬತ್ತದೆ” ಎಂದು ಪಕ್ಕದಲ್ಲಿ ಕೂತೆ.